ಸೂಜಿ ಹುಡುಕುತ್ತ ಹೋದ ಹೊತ್ತು

ನಮ್ಮ ಕಾಕಾನಿಗೆ ಲಕ್ವಾ ಹೊಡೆದದ್ದು ಬೆಳಿಗ್ಗೆ ಆರೂವರೆಗೆ. ಹಿಂಗಾರಿ ಕಡಲೆ ಬಿತ್ತುವ ದಿನಗಳು. ಹೊಲಕ್ಕೆ ಹೊರಡುವ ಮೊದಲು ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಬಲಗೈಯಿಂದ ಕಪ್ಪು ಜಾರಿ ಬಿತ್ತು. ಚಿಗವ್ವ "ಯಾಕ್ರೀ, ಏನಾತು" ಅಂದರು. ಕಾಕಾ ಏನೋ ಹೇಳಲು ಹೋದರು, ಮಾತು ಬರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಕಾಕಾನ ಮಗ, ಅಂದರೆ ನನ್ನ ತಮ್ಮ, ಒಳಗಿಂದ ಓಡಿ ಬಂದ. ಅವನ ಫೋನಿನಲ್ಲಿ ಒಂದು ಸಂದೇಶ ಇತ್ತು. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದು. ಅಪ್ಪನಿಗೆ ಬಿಪಿ ಇದೆ, ಎಂದಾದರೂ ಬೇಕಾಗಬಹುದು ಅಂತ ಅವನು ಅದನ್ನು ಉಳಿಸಿ ಇಟ್ಟುಕೊಂಡಿದ್ದ. ನೀವೂ ನೋಡಿರಬಹುದು. ಲಕ್ವಾ ಹೊಡೆದ ಕೂಡಲೇ ಸೂಜಿಯಿಂದ ಹತ್ತೂ ಬೆರಳಿನ ತುದಿ ಚುಚ್ಚಬೇಕಂತೆ. ಒಂದೊಂದು ಬೆರಳಿಂದಲೂ ರಕ್ತದ ಹನಿ ಬರಬೇಕಂತೆ. ಬಾಯಿ ಸೊಟ್ಟಗಿದ್ದರೆ ಕಿವಿ ಕೆಂಪಗಾಗುವ ತನಕ ಎಳೆದು ಅಲ್ಲೂ ಚುಚ್ಚಬೇಕಂತೆ. ಚೀನಾದ ಯಾವುದೋ ಪ್ರೊಫೆಸರ್ ಹೆಸರು ಬೇರೆ.

ಅವನು ಹಾಗೇ ಮಾಡಿದ. ಚಿಗವ್ವನ ಹೊಲಿಗೆ ಡಬ್ಬಿಯಲ್ಲಿ ಸೂಜಿ ಹುಡುಕಿದರು, ಸಿಗಲಿಲ್ಲ, ಪಕ್ಕದ ಮನೆಯಿಂದ ತಂದರು. ಬೆರಳು ಚುಚ್ಚಿದರು, ಕಿವಿ ಎಳೆದರು. ಆಮೇಲೆ ಕಾಯ್ದರು. ಯಾಕೆಂದರೆ ಆ ಸಂದೇಶದಲ್ಲಿ ಇನ್ನೊಂದು ಮಾತಿದೆ, ಮತ್ತು ನನ್ನ ಪ್ರಕಾರ ಇಡೀ ಸಂದೇಶದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಆ ಮಾತೇ: ರೋಗಿಯನ್ನು ಅಲುಗಾಡಿಸಬೇಡಿ, ಗಾಡಿಯಲ್ಲಿ ಹಾಕಿಕೊಂಡು ಹೋದರೆ ದಾರಿಯ ಕುಲುಕಾಟಕ್ಕೆ ಮೆದುಳಿನ ನರಗಳು ಒಡೆಯುತ್ತವೆ, ಮೊದಲು ಸರಿಯಾಗಲಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ.

ಅಷ್ಟರಲ್ಲಿ ಓಣಿಯ ಜನ ಸೇರಿದರು. ಒಬ್ಬರು ಎಣ್ಣೆ ಹಚ್ಚಿ ತಿಕ್ಕಿದರು. ಇನ್ನೊಬ್ಬರು ಪಾರಿವಾಳದ ರಕ್ತ ತರಿಸಲು ಹುಡುಗನನ್ನು ಓಡಿಸಿದರು. ನನಗೆ ಫೋನ್ ಬಂದದ್ದು ಒಂಬತ್ತೂ ಮುಕ್ಕಾಲಿಗೆ. "ಅಕ್ಕಾ, ಅಪ್ಪಗ ಲಕ್ವಾ ಹೊಡದೈತಿ, ಸ್ವಲ್ಪ ಆರಾಮ ಅನಸಾಕತ್ತೈತಿ, ಯಾವ ಗುಳಿಗಿ ಕೊಡೂಣು?" ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ, ಫಾರ್ಮಸಿ ಓದಿದವಳು, ಮನೆಯಲ್ಲಿ ಯಾರಿಗೆ ಏನಾದರೂ ನನಗೇ ಫೋನ್. ಗುಳಿಗೆ ಕೊಡಬೇಡ, ನೀರೂ ಕುಡಿಸಬೇಡ, ಈಗಿಂದೀಗ ಗಾಡಿ ಹತ್ತಿಸು ಅಂದೆ. ಕಿರುಚಿದೆ ಅಂದರೂ ತಪ್ಪಿಲ್ಲ.

ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಹುಬ್ಬಳ್ಳಿಗೆ ಒಂದು ತಾಸಿನ ದಾರಿ. ಅವರು ಆಸ್ಪತ್ರೆ ಬಾಗಿಲಿಗೆ ಬಂದಾಗ ಹನ್ನೊಂದೂ ಇಪ್ಪತ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಗಂಟೆಗೆ ಶುರುವಾಯಿತು?" ಆರೂವರೆ ಅಂದೆವು. ಅವರು ಕೈಗಡಿಯಾರ ನೋಡಿಕೊಂಡರು. ಆ ನೋಟ ನನಗೆ ಮರೆಯುವುದಿಲ್ಲ.

ಲಕ್ವಾದಲ್ಲಿ ಎರಡು ಬಗೆ. ಹೆಚ್ಚಿನವರಿಗೆ ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಉಳಿದವರಿಗೆ ನಾಳ ಒಡೆದು ಒಳಗೇ ರಕ್ತ ಸೋರಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ. ಸ್ಕ್ಯಾನ್ ಮಾಡದೆ ಯಾವ ಡಾಕ್ಟರೂ ಹೇಳಲಾರರು. ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಸಾಮಾನ್ಯವಾಗಿ ಲಕ್ವಾ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೇದು. ದೊಡ್ಡ ನಾಳ ಮುಚ್ಚಿದ ಕೆಲವರಿಗೆ ಆಮೇಲೂ ಒಳಗೆ ಸಣ್ಣ ನಳಿಕೆ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ, ಹಾಗಾಗಿ ತಡವಾಯಿತು ಅಂತ ಯಾರೂ ಮನೆಯಲ್ಲಿ ಉಳಿಯಬಾರದು. ನಮ್ಮ ಕಾಕಾನಿಗೆ ಅದೂ ಹೊಂದುವಂತಿರಲಿಲ್ಲ. ದಾರಿ ಮುಚ್ಚಿದ ಲಕ್ವಾದಲ್ಲಿ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ನರರೋಗ ತಜ್ಞರು ಲೆಕ್ಕ ಹಾಕಿದ್ದಾರೆ. ಆರೂವರೆಯಿಂದ ಒಂಬತ್ತೂ ಮುಕ್ಕಾಲಿನವರೆಗೆ ಎಷ್ಟು ನಿಮಿಷ ಅಂತ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಣಿಸಿದ್ದೇನೆ. 195.

ಬೇಗ ಬಂದಿದ್ದರೆ ಕಾಕಾ ಪೂರ್ತಿ ಸರಿಯಾಗುತ್ತಿದ್ದರಾ? ಡಾಕ್ಟರ್ ಹಾಗೆ ಭರವಸೆ ಕೊಡಲಿಲ್ಲ. ಇಂಜೆಕ್ಷನ್ ಎಲ್ಲರಿಗೂ ಹತ್ತುವುದಿಲ್ಲ ಅಂದರು. ಆದರೆ ಒಂದು ಅವಕಾಶ ಇತ್ತು. ಆ ಅವಕಾಶವನ್ನೇ ಕಳೆದುಕೊಂಡೆವು.

ಈ ಸಂದೇಶ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ. ಸೂಜಿಯ ಕಥೆ ಅದಕ್ಕೂ ಮೊದಲೇ ಇಂಗ್ಲಿಷಿನಲ್ಲಿ ಇಮೇಲ್‌ಗಳಲ್ಲಿ ಓಡಾಡುತ್ತಿತ್ತು. ಎಷ್ಟು ದೇಶ ಸುತ್ತಿ, ಎಷ್ಟು ಭಾಷೆ ಬದಲಿಸಿ, ಕೊನೆಗೆ ನಮ್ಮ ಎರೆಹೊಲದ ಊರಿಗೆ ಕನ್ನಡದಲ್ಲಿ ಬಂದು ಮುಟ್ಟಿದೆ ನೋಡಿ.

ಇಷ್ಟು ವರ್ಷ ಅದು ಯಾಕೆ ಸಾಯಲಿಲ್ಲ? ಇದನ್ನು ನಾನು ತುಂಬಾ ಯೋಚಿಸಿದ್ದೇನೆ. ಕೆಲವರಿಗೆ ಬರುವುದು ಸಣ್ಣ ಲಕ್ವಾ. ಡಾಕ್ಟರುಗಳು ಅದಕ್ಕೆ ಟಿಐಎ ಅನ್ನುತ್ತಾರೆ. ನಾಳ ಸ್ವಲ್ಪ ಹೊತ್ತು ಮುಚ್ಚಿಕೊಂಡು ತಾನಾಗೇ ತೆರೆಯುತ್ತದೆ. ಸೊಟ್ಟ ಬಾಯಿ ಕೆಲವು ನಿಮಿಷದಲ್ಲೋ ತಾಸಿನಲ್ಲೋ ನೆಟ್ಟಗಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಸೂಜಿ ಚುಚ್ಚಿದ್ದರೆ? ಸೂಜಿಯೇ ವಾಸಿ ಮಾಡಿತು ಅಂತ ಊರೆಲ್ಲ ಹೇಳುತ್ತದೆ. ಹೇಳುವವರು ಸುಳ್ಳರಲ್ಲ, ಕಣ್ಣಾರೆ ಕಂಡವರು. ಆದರೆ ಅಂಥವರಿಗೆ ಮುಂದಿನ ಕೆಲವೇ ದಿನಗಳಲ್ಲಿ ದೊಡ್ಡ ಲಕ್ವಾ ಬರುವ ಅಪಾಯ ಜಾಸ್ತಿ. ಅವರು ಅವತ್ತೇ ಆಸ್ಪತ್ರೆಗೆ ಹೋಗಬೇಕಿತ್ತು. ಸರಿಯಾಯಿತಲ್ಲ ಅಂತ ಮನೆಯಲ್ಲಿ ಕೂತುಬಿಡುತ್ತಾರೆ.

ಇದು ಅರ್ಥವಾದ ಮೇಲೆ ಅಂಗಡಿಯಲ್ಲಿ ಕೇಳುವ ಅರ್ಧ ಕಥೆಗಳ ಗುಟ್ಟು ನನಗೆ ಬಿಚ್ಚಿಕೊಂಡಿತು. ತಾನಾಗಿ ವಾಸಿಯಾಗುವ ಕಾಯಿಲೆಗೆ ಹತ್ತಿರ ಇದ್ದವರು ಕೀರ್ತಿ ತೆಗೆದುಕೊಳ್ಳುತ್ತಾರೆ. ಕಾಮಾಲೆಯಲ್ಲಿ ಹಲವು ಹಾಗೇ ಇಳಿಯುತ್ತವೆ, ಕೀರ್ತಿ ಸೊಪ್ಪಿನ ರಸಕ್ಕೆ. ಹಾವುಗಳಲ್ಲಿ ಹೆಚ್ಚಿನವಕ್ಕೆ ಮನುಷ್ಯನನ್ನು ಕೊಲ್ಲುವಷ್ಟು ವಿಷ ಇಲ್ಲ, ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ, ಕೀರ್ತಿ ಮಂತ್ರ ಹಾಕಿದವನಿಗೆ. ಯಾವತ್ತೋ ಒಂದು ದಿನ ನಿಜವಾಗಿ ನಾಗರವೋ ಕೊಳಕುಮಂಡಲವೋ ವಿಷ ಬಿಟ್ಟಿರುತ್ತದೆ. ಅವತ್ತು ಮಂತ್ರದ ಮುಂದೆ ಕೂತ ಹೊತ್ತು ವಾಪಸ್ ಬರುವುದಿಲ್ಲ.

ಡೆಂಗಿಯಂತೂ ಪ್ರತಿ ಮಳೆಗಾಲದ ಗೋಳು. ಜೂನ್ ಮುಗಿಯುತ್ತಲೇ, ಪಪ್ಪಾಯಿ ಎಲೆಯ ರಸ ಕುಡಿದರೆ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, ಏರುತ್ತವೆ ಅನ್ನುವ ವಿಡಿಯೊ ಶುರು. ಬಿಳಿರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಒಂದೇ ಅಂದುಕೊಂಡು ಜನ ಗಾಬರಿಯಿಂದ ಬರುತ್ತಾರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಸಹಜ, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ತಾನಾಗೇ ಏರುತ್ತದೆ. ಆ ಏರಿಕೆಯ ದಿನವೇ ಎಲೆಯ ರಸ ಕುಡಿದಿದ್ದರೆ ಮುಗಿಯಿತು, ಆ ಮನೆಯವರು ಜನ್ಮಪೂರ್ತಿ ಎಲೆಗೆ ಸಾಕ್ಷಿ. ವಿಡಿಯೊ ಹೇಳದೆ ಬಿಡುವ ಮಾತು ಬೇರೆ ಇದೆ. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗ ಅಲ್ಲ, ಜ್ವರ ಇಳಿಯುವಾಗ ಮತ್ತು ಇಳಿದ ಮೇಲಿನ ಒಂದೆರಡು ದಿನ. ಆಗ ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ವಸಡಿನಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿಬಿಟ್ಟರೆ ಒಂದು ಕ್ಷಣ ಕಾಯಬಾರದು. ಜ್ವರ ಬಿಟ್ಟಿತು, ಎಲೆ ಕೆಲಸ ಮಾಡಿತು ಅಂತ ಎಲ್ಲರೂ ನಿರಾಳವಾಗುವುದು ಸರಿಯಾಗಿ ಆಗಲೇ. ಮೈಕೈ ನೋವಿಗೆ ಬ್ರೂಫೆನ್ ಕೊಡ್ರಿ ಅಂತ ಬರುತ್ತಾರೆ, ಜ್ವರ ಇದೆ ಅಂದರೆ ನಾನು ಕೊಡುವುದಿಲ್ಲ. ಡೆಂಗಿ ಆಗಿದ್ದರೆ ರಕ್ತಸ್ರಾವ ಜಾಸ್ತಿಯಾಗಬಹುದು. ಬೈಸಿಕೊಂಡಿದ್ದೇನೆ, ಪರವಾಗಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಶುಗರ್ ವಿಷಯ. ಲಕ್ವಾ ತಾಸುಗಳ ಆಟ, ಇದು ತಿಂಗಳುಗಳ ಆಟ.

ನಮ್ಮ ಅಂಗಡಿಗೆ ಪ್ರತಿ ತಿಂಗಳು ಬರುವ ಒಬ್ಬ ಅಕ್ಕೋರು ಇದ್ದಾರೆ. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಾರೆ. ಶುಗರಿಗೆ ಎರಡು ಬಗೆಯ ಮಾತ್ರೆ, ಲೆಕ್ಕ ತಪ್ಪದೆ ಒಯ್ಯುತ್ತಿದ್ದರು. ಒಮ್ಮೆ ಮೂರು ತಿಂಗಳು ಕಾಣಲೇ ಇಲ್ಲ. ಬಂದಾಗ ಕಾಲಿಗೆ ಬಟ್ಟೆ ಸುತ್ತಿತ್ತು, ಮುಲಾಮು ಕೇಳಿದರು. ಮಾತ್ರೆ ಅಂದೆ. "ಬಿಟ್ಟೇನಿ ತಂಗಿ. ಗುಳಿಗಿ ನುಂಗಿ ನುಂಗಿ ಕಿಡ್ನಿ ಹೋಕ್ಕಾವಂತ. ಮೊಬೈಲ್‌ನ್ಯಾಗ ಒಬ್ಬರು ಪುಡಿ ಹೇಳ್ಯಾರ, ಬುಡಸಮೇತ ಹೋಗತೈತಂತ."

ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಕಿಡ್ನಿ ಹೋಗುತ್ತದೆ. ಡಯಾಲಿಸಿಸ್‌ವರೆಗೆ ಹೋಗುವವರಲ್ಲಿ ಎಷ್ಟೋ ಜನರ ಮೂಲ ಕಾಯಿಲೆಯೇ ಶುಗರ್. ಅಂದರೆ ಕಿಡ್ನಿ ಉಳಿಸಲು ಕೊಟ್ಟ ಮಾತ್ರೆಯ ಮೇಲೆಯೇ ಕಿಡ್ನಿ ಕೆಡಿಸಿದ ಅಪವಾದ. ಕಿಡ್ನಿ ಆಗಲೇ ದುರ್ಬಲ ಆಗಿದ್ದರೆ ಕೆಲವು ಮಾತ್ರೆಗಳ ಪ್ರಮಾಣ ಇಳಿಸಬೇಕಾಗುತ್ತದೆ, ಕೆಲವು ನಿಲ್ಲಿಸಬೇಕಾಗುತ್ತದೆ, ಅದಕ್ಕೇ ಡಾಕ್ಟರ್ ರಕ್ತ ಪರೀಕ್ಷೆ ಬರೆಯುವುದು. ಈ ಅರ್ಧ ನಿಜವನ್ನು ಹಿಡಿದು ಪೂರ್ತಿ ಸುಳ್ಳು ಕಟ್ಟುತ್ತಾರೆ. ಅಕ್ಕೋರ ಕಾಲಿನ ಗಾಯ ಆರಲಿಲ್ಲ. ಎರಡು ಬೆರಳು ತೆಗೆದರು. ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನೆಲದ ಮೇಲೆ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ, ಮಗಳು ಬಡಿಯುತ್ತಾಳೆ.

ಶುಗರನ್ನು ಬುಡಸಮೇತ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ. ಕಾನೂನು 1954ರದ್ದು. ಕ್ಯಾನ್ಸರ್, ಶುಗರ್, ಹೃದಯದ ಕಾಯಿಲೆ ಎಲ್ಲ ಆ ಪಟ್ಟಿಯಲ್ಲಿವೆ. ಆದರೆ ಆ ಕಾನೂನು ಮಾಡಿದ ಕಾಲದಲ್ಲಿ ಜಾಹೀರಾತು ಅಂದರೆ ಪತ್ರಿಕೆಯ ಪುಟ, ಗೋಡೆಯ ಚೀಟಿ. ಈಗ ಒಬ್ಬ ಮನುಷ್ಯ ಹಿಂದೆ ಗಿಡದ ಪರದೆ ಇಟ್ಟುಕೊಂಡು ಮೃದುವಾಗಿ ಮಾತಾಡುತ್ತಾನೆ, ಕೊನೆಯಲ್ಲಿ ಫೋನ್ ನಂಬರ್. ಇದು ಜಾಹೀರಾತು ಅಂತ ನೋಡುವವರಿಗೆ ಅನಿಸುವುದೇ ಇಲ್ಲ. ಹಿತೈಷಿ ಅನಿಸುತ್ತದೆ.

ನನ್ನ ಕಾಯಿಲೆ, ನನ್ನ ಇಷ್ಟ ಅಂತ ಕೆಲವರು ಹೇಳುತ್ತಾರೆ. ಲಸಿಕೆಯ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು, ನೆನಪಿದೆಯಾ? 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ. ದೇಶದಲ್ಲಿ ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಮುಂದೆ ಮಕ್ಕಳಾಗುವುದಿಲ್ಲ, ಬುದ್ಧಿ ಕೆಡುತ್ತದೆ, ಆಟಿಸಂ ಬರುತ್ತದೆ ಅಂತ ಫೋನಿನಿಂದ ಫೋನಿಗೆ ಹಬ್ಬಿತು. ಎಷ್ಟೋ ತಾಯಂದಿರು ಲಸಿಕೆಯ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ನನ್ನ ಅಕ್ಕನೂ ಕಳಿಸಲಿಲ್ಲ.

ಆ ಆಟಿಸಂ ಕಥೆಯ ಬೇರು ಲಂಡನ್ನಿನಲ್ಲಿದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ಡಾಕ್ಟರ್ ಕೇವಲ 12 ಮಕ್ಕಳ ಮೇಲೆ ಬರೆದ ಒಂದು ಲೇಖನ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಲಕ್ಷಾಂತರ ಮಕ್ಕಳನ್ನು ನೋಡಿದರು, ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು, ಅದೇ ವರ್ಷ ಅವರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಕಿತ್ತುಹಾಕಿದರು. ಅದಾಗಿ ಏಳು ವರ್ಷಕ್ಕೆ ನಮ್ಮ ಅಕ್ಕನ ಫೋನಿನಲ್ಲಿ ಅದು ಹೊಸ ಸುದ್ದಿಯಾಗಿ ಬಂದಿತ್ತು. ವಾಪಸ್ ತೆಗೆದುಕೊಂಡ ಸುದ್ದಿ ಅವಳಿಗೆ ಯಾರೂ ಫಾರ್ವರ್ಡ್ ಮಾಡಿರಲಿಲ್ಲ. ದಡಾರ ಎಂಥ ಅಂಟುರೋಗ ಅಂದರೆ, ಲಸಿಕೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಜನರಿಗೆ ಹರಡಬಹುದು. ರುಬೆಲ್ಲಾ ಮಗುವಿಗೆ ಸಣ್ಣ ಜ್ವರ, ಆದರೆ ಅದೇ ಮಗುವಿನಿಂದ ಪಕ್ಕದ ಮನೆಯ ಬಸುರಿಗೆ ಹತ್ತಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು. ಒಬ್ಬರು ನಂಬಿದ ಸುಳ್ಳಿಗೆ ಇನ್ನೊಬ್ಬರ ಮನೆ ಬೆಲೆ ಕೊಡುತ್ತದೆ.

ಅಕ್ಕನ ಮನಸ್ಸು ಬದಲಿಸಿದ್ದು ನಾನಲ್ಲ. ಓಣಿಯ ಆಶಾ ಕಾರ್ಯಕರ್ತೆ. ಅವರು ಮನೆಗೆ ಬಂದು ಅರ್ಧ ತಾಸು ಕೂತರು, ಚಹಾ ಕುಡಿದರು, ಅಕ್ಕನ ಎಲ್ಲ ಭಯ ಕೇಳಿಸಿಕೊಂಡರು. "ನನ್ನ ಮಗಳಿಗೆ ಮೊದಲ ದಿನಾನ ಹಾಕಿಸೇನ್ರಿ, ಬರ್ರಿ ತೋರಸ್ತೀನಿ" ಅಂದರು. ಮರುದಿನ ಅಕ್ಕ ಮಕ್ಕಳನ್ನು ಕರೆದುಕೊಂಡು ಹೋದಳು. ನಾನು ಫೋನಿನಲ್ಲಿ ಎಷ್ಟು ಹೇಳಿದ್ದರೂ ಕೇಳಿರಲಿಲ್ಲ. ಯಾಕೆಂದರೆ ನಾನು ಹೇಳುತ್ತಿದ್ದೆ, ಕೇಳುತ್ತಿರಲಿಲ್ಲ.

ಇಲ್ಲೇ ನನಗೆ ಡಾಕ್ಟರುಗಳ ಮೇಲೆ, ಆಸ್ಪತ್ರೆಗಳ ಮೇಲೆ ಒಂದು ದೂರು ಇದೆ. ಫಾರ್ವರ್ಡ್ ಸಂದೇಶ ಕನ್ನಡದಲ್ಲಿ ಮಾತಾಡುತ್ತದೆ. ಸಮಾಧಾನದಿಂದ, ಐದು ಹತ್ತು ನಿಮಿಷ. ಆಸ್ಪತ್ರೆಯಲ್ಲಿ ಅರ್ಧ ದಿನ ಕಾಯ್ದರೆ ಒಳಗೆ ಎರಡು ನಿಮಿಷ ಸಿಗುತ್ತದೆ, ಕೈಗೆ ಇಂಗ್ಲಿಷಿನ ಚೀಟಿ ಬರುತ್ತದೆ. ಈ ಮಾತ್ರೆ ಯಾಕೆ, ಬಿಟ್ಟರೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಕಾಕಾ ಆರು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಲಕ್ವಾ ಹೊಡೆದರೆ ಏನು ಮಾಡಬೇಕು ಅಂತ ಆ ಆರು ವರ್ಷದಲ್ಲಿ ಒಬ್ಬರೂ ಒಂದು ಮಾತು ಹೇಳಿರಲಿಲ್ಲ. ನಾನು ಕೂಡ. ಅದನ್ನು ಹೇಳಿದ್ದು ಆ ಸೂಜಿಯ ಸಂದೇಶ ಒಂದೇ. ಖಾಲಿ ಬಿಟ್ಟ ಜಾಗದಲ್ಲಿ ಸುಳ್ಳು ಬಂದು ಕೂತಿತು.

ವಾಟ್ಸಾಪ್‌ನವರು ಏನೂ ಮಾಡಿಲ್ಲ ಅಂತಲ್ಲ. 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದರು. 2020ರ ಏಪ್ರಿಲ್‌ನಲ್ಲಿ, ತುಂಬಾ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಅಂತ ಮಾಡಿದರು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ, ನೋಡಿ. ಆದರೂ ಅದರ ಮರುವರ್ಷವೇ, ಕೊರೊನಾ ಹೊತ್ತಿನಲ್ಲಿ, ಮೂಗಿಗೆ ನಿಂಬೆರಸ ಬಿಟ್ಟರೆ ಆಕ್ಸಿಜನ್ ಏರುತ್ತದೆ ಅನ್ನುವ ವಿಡಿಯೊ ನಮ್ಮ ಕಡೆಯ ಮನೆ ಮನೆ ಮುಟ್ಟಿತು. ಅಂಗಡಿಗೆ ಬಂದವರು ಮೂಗು ಉರಿಗೆ ಡ್ರಾಪ್ಸ್ ಕೇಳುತ್ತಿದ್ದರು. ಆಕ್ಸಿಜನ್ ನೋಡಿಸಿಕೊಂಡ್ರಾ ಅಂದರೆ ಇಲ್ಲ, ನಿಂಬೆಹಣ್ಣು ಹಾಕಿದ್ದೀವಲ್ಲ ಅನ್ನುತ್ತಿದ್ದರು. ಇಲ್ಲೂ ಅದೇ. ರಸ ಮಾಡುವ ಹಾನಿ ಒಂದು, ಅದನ್ನು ನಂಬಿ ಮನೆಯಲ್ಲಿ ಕೂತ ಹೊತ್ತಿನ ಹಾನಿ ಇನ್ನೊಂದು.

ಕಾಕಾನ ಘಟನೆ ಆದ ಮೇಲೆ ನಾನು ಗ್ರೂಪಿನಲ್ಲಿ ಸಿಟ್ಟಿನಿಂದ ಬರೆದೆ. ಆ ಸಂದೇಶ ಹಾಕಿದ ದೊಡ್ಡಪ್ಪನಿಗೆ ಬೇಜಾರಾಯಿತು. "ನಾಕು ಅಕ್ಷರ ಕಲತೀನಂತ ಹಿರೇರಿಗೆ ಹಿಂಗ ಮಾತಾಡ್ತಿಯಾ" ಅಂದರು. ತಿಂಗಳು ಮಾತು ಬಿಟ್ಟರು. ಅವರು ಕೇಡು ಬಯಸಿ ಹಾಕಿದ್ದಲ್ಲ, ಒಳ್ಳೇದಾಗಲಿ ಅಂತಲೇ ಹಾಕಿದ್ದು. ನಾಲ್ಕು ಜನರ ಎದುರು ನಾನು ಹಾಗೆ ಬರೆಯಬಾರದಿತ್ತು. ಈಗ ಏನಾದರೂ ಬಂದರೆ ಹಾಕಿದವರಿಗೇ ಬೇರೆಯಾಗಿ ಫೋನ್ ಮಾಡುತ್ತೇನೆ, ಮೊದಲು ಆರಾಮ ಕೇಳುತ್ತೇನೆ, ಆಮೇಲೆ ವಿಷಯಕ್ಕೆ ಬರುತ್ತೇನೆ. ಅವರೇ ಅಳಿಸಿದರೆ ಮಾತು ಅಲ್ಲಿಗೆ ಬಿಡುತ್ತೇನೆ. ಜೊತೆಗೆ ನಮ್ಮ ಊರ ಮಾತಿನಲ್ಲೇ ಒಂದು ನಿಮಿಷದ ಧ್ವನಿ ಸಂದೇಶ ಕಳಿಸುತ್ತೇನೆ, ಓದಲು ಬಾರದ ಚಿಗವ್ವನಂಥವರಿಗೂ ಮುಟ್ಟಲಿ ಅಂತ. ಮೊದಲನೆಯದು ಲಕ್ವಾದ್ದು: ಬಾಯಿ ಸೊಟ್ಟ ಆತಂದ್ರ, ಒಂದು ಕೈ ಎತ್ತಾಕ ಬರದಿದ್ರ, ಮಾತು ತೊದಲಿದ್ರ, ಗಡಿಯಾರ ನೋಡ್ರಿ, 108ಕ್ಕ ಫೋನ್ ಮಾಡ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ, ಸ್ಕ್ಯಾನ್ ಇರೋ ದವಾಖಾನಿಗೇ ಒಯ್ಯಿರಿ. ದೊಡ್ಡಪ್ಪ ಅದನ್ನು ಬೀಗರ ಗ್ರೂಪಿಗೂ ಕಳಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಕಾಕಾ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಇನ್ನೂ ಸೋತೇ ಇದೆ, ಚಹಾ ಎಡಗೈಯಲ್ಲಿ. ಮಾತು ಬರುತ್ತದೆ, ಆದರೆ ನಿಧಾನ, ಹೆಸರುಗಳು ತಪ್ಪುತ್ತವೆ.

ಇದನ್ನು ಹಾಕುವ ಮೊದಲು ತಮ್ಮನಿಗೆ ಓದಿ ಹೇಳಿದೆ. ಅವನು ಬೇಡ ಅಂದಿದ್ದರೆ ಹಾಕುತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, "ಹಾಕು ಅಕ್ಕಾ. ಒಂದ್ ಮಾತ್ ಬಿಟ್ಟೀದಿ ನೋಡು. ನಾ ಸೂಜಿ ಹಂಗ ಚುಚ್ಚಲಿಲ್ಲ. ಗ್ಯಾಸಿನ ಮ್ಯಾಲೆ ಕೆಂಪಗ ಕಾಸಿ, ಆರಿಸಿ ಚುಚ್ಚೇನಿ. ಅದರಾಗ ಹಂಗ ಬರದಿತ್ತು. ಅದರಾಗ ಬರದಿದ್ದು ಒಂದೂ ಬಿಡಲಾರದ ಮಾಡೇನಿ."